ಯಾವಾಗಾದರೂ ಚಹಾಕ್ಕೆ ಬನ್ನಿ

ನಮ್ಮ ಊರಿನ ನೀರಿನಲ್ಲಿ ಸುಣ್ಣ ಬಹಳ. ನಮ್ಮ ಊರು ಎಂದರೆ ಧಾರವಾಡವಲ್ಲ, ಹೈಡೆಲ್‌ಬರ್ಗ್. ಇಲ್ಲಿಗೆ ಬಂದು ಏಳು ವರ್ಷವಾಯಿತು, ಆದರೂ ‘ನಮ್ಮ ಊರು’ ಎಂದು ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಒಂದು ತಿಂಗಳಾದರೆ ಸಾಕು, ನೀರು ಕಾಯಿಸುವ ಕೆಟಲ್ಲಿನ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಇಲ್ಲಿಯವರು ವಿನೆಗರ್ ಹಾಕಿ ಕುದಿಸುತ್ತಾರೆ. ಇವತ್ತು ಭಾನುವಾರ, ಅಂಗಡಿಗಳೆಲ್ಲ ಮುಚ್ಚಿವೆ, ಹೊರಗೆ ಜಿಟಿಜಿಟಿ ಮಳೆ. ಬೇರೇನೂ ಕೆಲಸ ತೋಚದೆ ನಾನೂ ಕುದಿಸಿದೆ. ಬಿಸಿ ವಿನೆಗರಿನ ಹುಳಿ ಹಬೆ ಮೂಗಿಗೆ ಬಡಿದದ್ದೇ ತಡ, ಹೈಡೆಲ್‌ಬರ್ಗ್ ಮಾಯವಾಗಿ ಕವೆಂಟ್ರಿ ಬಂದು ನಿಂತಿತು.

ಕವೆಂಟ್ರಿಯಲ್ಲಿ ನಮ್ಮ ಬೀದಿಯ ಮೂಲೆಯಲ್ಲಿ ಒಂದು ಮೀನು-ಚಿಪ್ಸ್ ಅಂಗಡಿ ಇತ್ತು. ದಪ್ಪ ದಪ್ಪ ಬಟಾಟೆ ಹೋಳುಗಳನ್ನು ಕರಿದು, ಮೇಲೆ ಉಪ್ಪು ಉದುರಿಸಿ, ವಿನೆಗರ್ ಸುರಿದು, ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಮೀನು ಮುಟ್ಟದ ನಾನು ಹನ್ನೊಂದು ವರ್ಷ ಆ ಚಿಪ್ಸನ್ನು ಭಕ್ತಿಯಿಂದ ತಿಂದೆ. ಯಾವ ಎಣ್ಣೆಯಲ್ಲಿ ಕರಿಯುತ್ತೀರಿ ಎಂದು ಒಮ್ಮೆಯೂ ಕೇಳಲಿಲ್ಲ. ಕೆಲವು ಅಂಗಡಿಗಳಲ್ಲಿ ದನದ ಕೊಬ್ಬು ಬಳಸುತ್ತಾರೆಂದು ಕೇಳಿದ್ದೆ. ಎಣ್ಣೆಯ ಬಗ್ಗೆ ವಿಚಾರಿಸಿದರೆ ಉತ್ತರ ಬಂದೀತು ಎಂಬ ಹೆದರಿಕೆ. ನನ್ನ ಮಡಿ ಅಷ್ಟು ಜಾಣತನದ್ದು.

ಆದರೆ ಇವತ್ತು ಆ ವಾಸನೆಗೆ ನೆನಪಾದದ್ದು ಅಂಗಡಿಯಲ್ಲ, ಮಾರ್ಗರೆಟ್. ನಿಜ ಹೇಳಬೇಕೆಂದರೆ ವಾಸನೆಯ ಅಗತ್ಯವೇ ಇರಲಿಲ್ಲ, ಶುಕ್ರವಾರದಿಂದ ಆಕೆ ನನ್ನ ತಲೆಯಲ್ಲೇ ಕೂತಿದ್ದಾರೆ. ಮಾರ್ಗರೆಟ್ ಕವೆಂಟ್ರಿಯಲ್ಲಿ ನಮ್ಮ ಪಕ್ಕದ ಮನೆಯವರು, ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಈಗ ಎಪ್ಪತ್ತಾರು ವರ್ಷ. ಶುಕ್ರವಾರ ಅವರ ಸಂದೇಶ ಬಂತು: ಮನೆ ಮಾರಾಟವಾಗಿದೆ, ಬೇಸಿಗೆ ಮುಗಿಯುವಷ್ಟರಲ್ಲಿ ದಕ್ಷಿಣದ ಸಮುದ್ರದಂಡೆಯ ಊರಿಗೆ, ತಂಗಿಯ ಬಳಿಗೆ ಹೋಗುತ್ತಿದ್ದೇನೆ. ಕೊನೆಗೆ ಎರಡು ಸಾಲು: ‘ನೀವು ಅಷ್ಟು ಪ್ರೀತಿಯಿಂದ ಕರೆದದ್ದು ನನಗೆ ಆಗಾಗ ನೆನಪಾಗುತ್ತದೆ. ಈಗ ನಿಮಗೆ ಅನುಕೂಲವಾಗಲಿಕ್ಕಿಲ್ಲ, ಬಿಡಿ.’

ಹೌದು, ನಾನು ಕರೆದಿದ್ದೆ. ಏಳು ವರ್ಷದ ಹಿಂದೆ, ಸಾಮಾನೆಲ್ಲ ವ್ಯಾನಿಗೆ ತುಂಬಿದ ಮೇಲೆ, ಅವರ ಗೇಟಿನ ಮುಂದೆ ನಿಂತು ‘ನೀವು ಜರ್ಮನಿಗೆ ಬರಲೇಬೇಕು, ನಮ್ಮಲ್ಲೇ ಇರಬೇಕು’ ಎಂದಿದ್ದೆ. ಕಣ್ಣು ಕೂಡ ಒದ್ದೆಯಾಗಿತ್ತು. ಆದರೆ ಅದನ್ನು ಧಾರವಾಡದವಳಾಗಿ ಹೇಳಿದೆನೋ ಇಂಗ್ಲಿಷರಂತೆ ಹೇಳಿದೆನೋ, ಅದು ನನಗೇ ಗೊತ್ತಿಲ್ಲ. ಅದಕ್ಕೇ ಎರಡು ದಿನದಿಂದ ಉತ್ತರ ಬರೆದಿಲ್ಲ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಓಡಾಡುತ್ತಿದ್ದೇನೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಒದ್ದಾಟ ಏಕೆ ಎಂದು ನಿಮಗೆ ಅನ್ನಿಸಬಹುದು. ನಾವು ಕವೆಂಟ್ರಿಗೆ ಹೋದ ಮೊದಲ ವರ್ಷದ ಕಥೆ ಕೇಳಿದರೆ ತಿಳಿಯುತ್ತದೆ. ಬೇಲಿಯ ಆಚೆಯಿಂದ ಮಾರ್ಗರೆಟ್ ನಗುತ್ತ, ‘ಯು ಮಸ್ಟ್ ಕಮ್ ರೌಂಡ್ ಫಾರ್ ಟೀ ಸಮ್‌ಟೈಮ್’ ಎಂದರು. ಯಾವಾಗಾದರೂ ಚಹಾಕ್ಕೆ ಬರಲೇಬೇಕು. ಆಗ ಹುಬ್ಬಳ್ಳಿಯಿಂದ ನನ್ನ ಸೋದರಮಾವ ಶಾಮಣ್ಣ ಮಾಮಾ ಬಂದಿದ್ದರು. ಮಾಮಾ ಬ್ರಿಟನ್ನಿನಲ್ಲಿ ಮೆಚ್ಚದ ವಸ್ತುವಿರಲಿಲ್ಲ. ಬಸ್ಸಿನ ಸಾಲು ಮೆಚ್ಚಿದರು, ಹುಲ್ಲು ಮೆಚ್ಚಿದರು, ನಾಯಿ ಬೊಗಳದೆ ನಡೆಯುವುದನ್ನು ಮೆಚ್ಚಿದರು. ಆಮಂತ್ರಣದ ಸುದ್ದಿ ಕೇಳಿದವರೇ ಎದ್ದು ಕೂತರು.

“ಕರದಾರಂದ್ರ ಹೋಗಬೇಕವಾ. ಹೋಗಲಿಲ್ಲಂದ್ರ ಅವರಿಗೆ ಕೆಟ್ಟ ಅನಸ್ತದ.”

ಅದೇ ಶನಿವಾರ ಸಂಜೆ ನಾವು ಮೂವರು, ನಾನು, ನಮ್ಮವರು ಮತ್ತು ಸಫಾರಿ ಸೂಟು ತೊಟ್ಟ ಮಾಮಾ, ಒಂದು ಡಬ್ಬಿ ಚಕ್ಕುಲಿ ಹಿಡಿದು ಮಾರ್ಗರೆಟ್ ಮನೆಯ ಬೆಲ್ ಒತ್ತಿದೆವು. ಬಾಗಿಲು ತೆರೆದ ಮಾರ್ಗರೆಟ್ ಕೈಗೆಲ್ಲ ತೋಟದ ಮಣ್ಣು ಮೆತ್ತಿತ್ತು. ‘ಹೌ ಲವ್ಲಿ’ ಎಂದರು, ಮತ್ತೆ ಎಂದರು, ಮತ್ತೂ ಎಂದರು. ಚಹಾ ಬಂತು. ಒಂದು ತಟ್ಟೆಯಲ್ಲಿ ಮೂರು ಬಿಸ್ಕತ್ತು ಬಂದವು, ಮನೆಯಲ್ಲಿ ಇದ್ದದ್ದೇ ಅಷ್ಟು. ನನಗೆ ಹಸಿವಿಲ್ಲ ಎಂದು ಅವರು ಅಗ್ಗಿಷ್ಟಿಕೆಯ ಪಕ್ಕ ನಿಂತೇ ಇದ್ದರು. ನಾವು ನೆಮ್ಮದಿಯಾಗಿ ಕೂತು ನಮ್ಮ ಮನೆತನದ ಕಥೆಯನ್ನೆಲ್ಲ ಹೇಳಿದೆವು.

“ನೋಡಿದೇನು, ಎಂಥಾ ಮರ್ಯಾದಿ ಜನ,” ಎಂದರು ಮಾಮಾ ಹೊರಬಂದ ಮೇಲೆ. “ನಾವು ಏಳೂತನಕಾ ಆಕಿ ಕೂಡಲೇ ಇಲ್ಲ.”

‘ಯಾವಾಗಾದರೂ ಚಹಾಕ್ಕೆ ಬನ್ನಿ’ ಎಂಬ ಮಾತಿಗೆ ಇಂಗ್ಲಂಡಿನಲ್ಲಿ ಏನರ್ಥ ಎಂದು ಸೋಮವಾರ ಆಫೀಸಿನ ಗೆಳತಿಯೊಬ್ಬಳು ವಿವರಿಸಿದಳು. ಅದು ಕರೆಯಲ್ಲ, ಸೌಜನ್ಯ. ದಿನ, ವೇಳೆ ಹೇಳದಿದ್ದರೆ ಹೋಗಬಾರದು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಲ್ಲಿಂದ ಮುಂದೆ ಮಾರ್ಗರೆಟ್ ‘ಚಹಾಕ್ಕೆ ಬನ್ನಿ’ ಎಂದಾಗಲೆಲ್ಲ ನಾನು ‘ಖಂಡಿತ’ ಎನ್ನುತ್ತಿದ್ದೆ, ಹೋಗುತ್ತಿರಲಿಲ್ಲ. ನಾನೂ ಅವರನ್ನು ಕರೆಯುತ್ತಿದ್ದೆ, ಅವರೂ ‘ಖಂಡಿತ’ ಎನ್ನುತ್ತಿದ್ದರು. ಹೀಗೆ ಹತ್ತು ವರ್ಷ. ನಾನು ಆ ದೇಶದ ರೀತಿನೀತಿ ಕಲಿತುಬಿಟ್ಟೆ ಎಂದು ಬೀಗುತ್ತಿದ್ದೆ.

ಹಾಗಂತ ನಮ್ಮ ನಡುವೆ ಮಾತಿರಲಿಲ್ಲ ಅಂದುಕೊಳ್ಳಬೇಡಿ. ಬೇಲಿಯ ಎರಡು ಬದಿಗೆ ನಿಂತು ಗಂಟೆಗಟ್ಟಲೆ ಆಡುತ್ತಿದ್ದೆವು. ಆಡುತ್ತಿದ್ದುದೆಲ್ಲ ಬ್ರಿಟನ್ನನ್ನು ಬೈಯುವ ಮಾತು. ಕಸದವರು ಬರಲಿಲ್ಲ, ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವುದರೊಳಗೆ ಜ್ವರ ತಾನೇ ಬಿಟ್ಟಿತು, ರೈಲಿಗೆ ಏನೋ ಆಯಿತು, ಮಳೆ ಅಂತೂ ಕೇಳುವುದೇ ಬೇಡ. ಮಾರ್ಗರೆಟ್ ಬೈದರೆ ನಾನು ಒಗ್ಗರಣೆ ಹಾಕುತ್ತಿದ್ದೆ. ಒಮ್ಮೆ ಮಾಮಾ, ಅದೂ ಮೆಚ್ಚುಗೆಯ ನಡುವೆ ಬಾಯಿತಪ್ಪಿ, ನಿಮ್ಮ ಮನೆಗಳು ಸ್ವಲ್ಪ ಥಂಡಿ ಎಂದುಬಿಟ್ಟರು. ಮಾರ್ಗರೆಟ್ ಮುಖ ಗಂಟಿಕ್ಕಿತು. ‘ನಮಗೆ ಹಾಗೆ ಅನ್ನಿಸುವುದಿಲ್ಲ’ ಎಂದು ಒಳಗೆ ಹೋದರು. ಎರಡು ದಿನದ ಹಿಂದೆಯಷ್ಟೇ ಅವರು ಕೋಟು ಹಾಕಿಕೊಂಡು ಮಲಗಿದ್ದನ್ನು ನನಗೆ ಹೇಳಿದ್ದರು. ಬಂದುಹೋಗುವವರು ಹೊಗಳಬೇಕು, ಇರುವವರು ಬೈಯಬೇಕು, ಅಷ್ಟೇ ಅಲ್ಲಿಯ ನ್ಯಾಯ. ನನ್ನ ಬೈಗುಳಕ್ಕೆ ಅವರು ಎಂದೂ ಮುಖ ತಿರುಗಿಸಲಿಲ್ಲವಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ.

ಇಲ್ಲಿಗೆ ಬಂದ ಮೇಲೆ ನನ್ನ ನಾಲಿಗೆ ತಿರುಗಿಬಿತ್ತು. ಬ್ರಿಟನ್ನಿನಲ್ಲಿ ಜೀವನ ಹೇಗೆ ಎಂದು ಯಾರಾದರೂ ಕೇಳಿದರೆ ಸಾಕು. ಅಲ್ಲಿಯ ಬಸ್ ಡ್ರೈವರು ಕೂಡ ‘ಲವ್’ ಎಂದು ಕರೆಯುತ್ತಿದ್ದ, ಅಂಗಡಿಯವಳು ಮಗುವಿನ ಹಲ್ಲು ಬಂತೇ ಎಂದು ಕೇಳುತ್ತಿದ್ದಳು ಎಂದು ಶುರುಮಾಡುತ್ತೇನೆ. ಅಲ್ಲಿಯ ಊಟ ಕೆಟ್ಟದ್ದಂತೆ ಹೌದೇ ಎಂದು ಜರ್ಮನರು ಕೇಳಿದರೆ, ತಿನ್ನದ ಮೀನಿನ ಪರವಾಗಿಯೂ ವಾದಿಸುತ್ತೇನೆ. ನಮ್ಮವರು ದಿನಾ ಕೆಲಸಕ್ಕೆಂದು ವಾಲ್‌ಡಾರ್ಫಿಗೆ ಕಾರಿನಲ್ಲಿ ಹೋಗಿಬಂದು ದಣಿದಿರುತ್ತಾರೆ, ಆದರೂ ಇದಕ್ಕೆ ಮಾತ್ರ ಬಾಯಿ ಬಿಡುತ್ತಾರೆ.

“ನೀ ಎಲ್ಲಿ ಇರ್ತೀಯೋ ಅದೊಂದನ್ನ ಬಿಟ್ಟು ಉಳದ ದೇಶೆಲ್ಲಾ ನಿನಗ ಚಲೋನ ನೋಡು.”

ಮಾತು ಸುಳ್ಳಲ್ಲ, ಅದಕ್ಕೇ ಸಿಟ್ಟು ಬರುತ್ತದೆ. ಕವೆಂಟ್ರಿಯಲ್ಲಿ ಧಾರವಾಡ ಎನ್ನುತ್ತಿದ್ದೆ, ಇಲ್ಲಿ ಕವೆಂಟ್ರಿ ಎನ್ನುತ್ತೇನೆ, ಧಾರವಾಡಕ್ಕೆ ಹೋದರೆ ಜರ್ಮನಿಯ ರೈಲು ಎನ್ನುತ್ತೇನೆ. ಆ ರೈಲು ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ಇಲ್ಲಿ ದಿನಾ ಗೊಣಗುವವಳೂ ನಾನೇ.

ಇಲ್ಲಿಯ ರೀತಿಯೇ ಬೇರೆ. ಮೇಲಿನ ಮಹಡಿಯ ಫ್ರೌ ವೇಬರ್ ಪರಿಚಯವಾದ ಹೊಸದರಲ್ಲಿ, ಕವೆಂಟ್ರಿಯ ಅಭ್ಯಾಸಬಲದಿಂದ, ಯಾವಾಗಾದರೂ ಕಾಫಿಗೆ ಬನ್ನಿ ಎಂದುಬಿಟ್ಟೆ. ಆಕೆ ಮೆಟ್ಟಿಲ ಮೇಲೇ ನಿಂತು ಚೀಲದಿಂದ ಪುಟ್ಟ ಕ್ಯಾಲೆಂಡರ್ ತೆಗೆದು ‘ವಾನ್?’ ಎಂದರು. ಎಂದರೆ, ಯಾವಾಗ? ಬಾಯಿಗೆ ಬಂದ ಒಂದು ದಿನ, ಹೊತ್ತು ಹೇಳಿದೆ. ಹೀಗೆ ದಿನ, ವೇಳೆ ಗೊತ್ತುಮಾಡುವುದಕ್ಕೆ ಇಲ್ಲಿ ಟೆರ್ಮಿನ್ ಎನ್ನುತ್ತಾರೆ. ಡಾಕ್ಟರಿಗೂ ಟೆರ್ಮಿನ್, ಕಾಫಿಗೂ ಟೆರ್ಮಿನ್. ಹೇಳಿದ ಹೊತ್ತಿಗೆ ಸರಿಯಾಗಿ ಬಂದರು, ಕೇಕ್ ತಾವೇ ತಂದರು, ಕಾಫಿ ಚೆನ್ನಾಗಿದೆ ಎಂದರು, ಭಾನುವಾರ ಮಧ್ಯಾಹ್ನ ನಿಮ್ಮ ಕುಕ್ಕರಿನ ಸೀಟಿಯಿಂದ ನನಗೆ ನಿದ್ದೆ ಬರುವುದಿಲ್ಲ ಎಂದರು, ಹೋದರು. ಒಂದು ವಾರ ಕುದಿದೆ. ಆಮೇಲೆ ಒಂದು ತರಹ ಹಾಯೆನಿಸಿತು. ಈಕೆಯ ಮನಸ್ಸಿನಲ್ಲಿ ಏನಿದೆ ಎಂದು ತಲೆ ಕೆಡಿಸಿಕೊಳ್ಳಬೇಕಾದ ಕಾರಣವೇ ಇಲ್ಲವಲ್ಲ.

ಮಾರ್ಗರೆಟ್ ವಿಷಯದಲ್ಲಿ ಹಾಗಲ್ಲ. ‘ಅನುಕೂಲವಾಗಲಿಕ್ಕಿಲ್ಲ, ಬಿಡಿ’ ಎಂದರೆ ಬರುತ್ತೇನೆ ಎಂದೇ, ಬರುವುದಿಲ್ಲ ಎಂದೇ? ನಮ್ಮ ಕಡೆಯಾಗಿದ್ದರೆ ಅದು ಮೊದಲ ‘ಬ್ಯಾಡ್ರಿ’. ಎರಡು ಸಲ ಬೇಡ ಎಂದವರಿಗೂ ಮೂರನೆಯ ಸಲ ಬಡಿಸಿಯೇ ಬಿಡುತ್ತೇವೆ. ಆದರೆ ಅವರಿಗೆ ಒತ್ತಾಯ ಮಾಡಿದರೆ ಅದು ಅಸಭ್ಯ. ಒತ್ತಾಯ ಮಾಡದೆ ‘ಖಂಡಿತ ಬನ್ನಿ, ನಿಮಗೆ ಯಾವಾಗ ಸರಿಯೋ ಆಗ’ ಎಂದು ಬರೆದರೆ, ಅದನ್ನು ಅವರು ಹೇಗೆ ಓದುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಹತ್ತು ವರ್ಷ ನಾವಿಬ್ಬರೂ ಸೇರಿ ಆ ‘ಖಂಡಿತ’ಕ್ಕೆ ಕೊಟ್ಟ ಅರ್ಥ ‘ಬೇಡ’ ಎಂದೇ. ನಿನ್ನೆ ಮೂರು ಸಲ ಬರೆದೆ, ಮೂರು ಸಲ ಅಳಿಸಿದೆ.

“ಆಕಿದು ಇರಲಿ, ಆಕಿ ಬರೂದು ನಿನಗ ಬೇಕಾಗೇದೋ ಇಲ್ಲೋ, ಅದನ್ನ ಹೇಳು ಮೊದಲ,” ಎಂದರು ನಮ್ಮವರು.

ನನಗೆ ಭಯವಾಗಿದೆ. ಇದನ್ನು ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಬ್ರಿಟನ್ ಬ್ರಿಟನ್ ಎಂದು ನಾನು ಏಳು ವರ್ಷ ಹೊಗಳಿದ್ದರಲ್ಲಿ ಈಗ ಉಳಿದಿರುವುದು ಮಾರ್ಗರೆಟ್ ಒಬ್ಬರೇ. ಆಫೀಸಿನವರು ಚದುರಿದರು, ನಮ್ಮ ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಈಗ ಅವರ ಮನೆಯೂ ಹೋಯಿತು. ಈ ಬಾಂಧವ್ಯವೂ ಬರೀ ಸೌಜನ್ಯವೇ ಆಗಿದ್ದರೆ, ಹನ್ನೊಂದು ವರ್ಷ ನಾನು ಅಲ್ಲಿ ವಾಸವೇ ಮಾಡಲಿಲ್ಲ. ಮಾಮಾನ ಹಾಗೆ ನಾನೂ ನೋಡಲು ಬಂದವಳು, ಸ್ವಲ್ಪ ಹೆಚ್ಚು ದಿನ ಇದ್ದೆ, ಅಷ್ಟೇ. ಹಾಗೆಂದು ತಿಳಿದುಬಿಡುವುದಕ್ಕಿಂತ ತಿಳಿಯದಿರುವುದೇ ವಾಸಿ ಎಂದು ಎರಡು ದಿನ ತಳ್ಳಿದೆ.

ಮಗಳು ಸಿರಿಗೆ ಹದಿನೇಳು ವರ್ಷ. ಹುಟ್ಟಿದ್ದು ಕವೆಂಟ್ರಿಯಲ್ಲಿ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವುದು ಜರ್ಮನ್ ಭಾಷೆಯಲ್ಲಿ. ಈಗ ಹಣ್ಣು ತೆಗೆದುಕೊಳ್ಳಲು ಅಡುಗೆಮನೆಗೆ ಬಂದವಳು, ಕೆಟಲ್ಲಿನ ಮುಂದೆ ಫೋನ್ ಹಿಡಿದು ನಿಂತ ನನ್ನನ್ನು ನೋಡಿ, ಅಮ್ಮಾ, ಸುಮ್ಮನೆ ಫೋನ್ ಮಾಡಿ ಕೇಳಬಾರದೇ ಎಂದು ಜರ್ಮನ್‌ನಲ್ಲೇ ಹೇಳಿಹೋದಳು. ಎಷ್ಟು ಸಲೀಸು ಇವಳಿಗೆ. ಸಿಟ್ಟಿನಲ್ಲೇ ನಂಬರ್ ಒತ್ತಿದೆ.

ಎರಡೇ ರಿಂಗಿಗೆ ಎತ್ತಿದರು. ಮಳೆಯ ಬಗ್ಗೆ ಮಾತಾಡಿದೆವು, ಅಲ್ಲಿಯೂ ಮಳೆಯಂತೆ. ಸಿರಿಯ ಓದಿನ ಬಗ್ಗೆ ಮಾತಾಡಿದೆವು. ಮನೆ ಕೊಂಡವರು ಗುಲಾಬಿ ಗಿಡ ಕೀಳಿಸುತ್ತಾರಂತೆ, ಅದೂ ಆಯಿತು. ಇನ್ನು ‘ಸರಿ, ಇಡುತ್ತೇನೆ’ ಎನ್ನುವ ಹೊತ್ತು ಬಂತು.

“ಮಾರ್ಗರೆಟ್, ಒರಟಾಗಿ ಕೇಳುತ್ತೇನೆ, ಕ್ಷಮಿಸಿ. ನಿಮಗೆ ಇಲ್ಲಿಗೆ ಬರುವ ಮನಸ್ಸಿದೆಯೋ ಇಲ್ಲವೋ?”



“ನಿಮಗೆ ತೊಂದರೆ ಕೊಡಲು ನನಗೆ ಇಷ್ಟವಿಲ್ಲ,” ಎಂದರು.

“ನಾನು ಕೇಳಿದ್ದು ಅದನ್ನಲ್ಲ.”

ಕದ್ದು ಸಿಕ್ಕಿಬಿದ್ದವರ ದನಿಯಲ್ಲಿ, “ಸೂಟ್‌ಕೇಸ್ ಕೆಳಗಿಳಿಸಿ ಇಟ್ಟಿದ್ದೇನೆ,” ಎಂದರು. “ನಿಮಗೆ ಬರೆಯುವ ಮೊದಲೇ ಇಳಿಸಿದೆ.”

ಅವರ ಸೂಟ್‌ಕೇಸ್ ಇರುವುದು ಅಟ್ಟದ ಮೇಲೆ. ಮಲಗುವ ಕೋಣೆಯ ಮುಂದಿನ ಛಾವಣಿಯಲ್ಲಿ ಒಂದು ಚೌಕ ಬಾಗಿಲು, ಅದಕ್ಕೊಂದು ಅಲುಗಾಡುವ ಅಲ್ಯೂಮಿನಿಯಂ ಏಣಿ. ನಾವಿದ್ದಾಗ ಅಲ್ಲಿಂದ ಏನು ಇಳಿಸಬೇಕಾದರೂ ನಮ್ಮವರೇ ಹತ್ತುತ್ತಿದ್ದರು, ನಾನು ಕೆಳಗೆ ಏಣಿ ಹಿಡಿಯುತ್ತಿದ್ದೆ.

“ಯಾರು ಇಳಿಸಿಕೊಟ್ಟರು?”

“ಯಾರೂ ಇಲ್ಲ. ನಾನೇ ಹತ್ತಿದೆ.”

“ಏನ್ರಿ ನೀವು? ಎಪ್ಪತ್ತಾರು ವರ್ಷದಾಕಿ, ಮನ್ಯಾಗ ಮತ್ಯಾರೂ ಇಲ್ಲ, ಒಬ್ಬಾಕೇ ಏಣಿ ಹತ್ತತಾರೇನ್ರಿ? ಕಾಲ ಜಾರಿ ಬಿದ್ದಿದ್ರ ಯಾರ ನೋಡ್ತಿದ್ರು? ನಮಗ ಒಂದ ಮಾತ ಹೇಳಲಿಕ್ಕೆ ಏನಾಗಿತ್ತು ನಿಮಗ? ಇನ್ನೊಮ್ಮೆ ಹತ್ತೀರಿ ಮತ್ತ.”

ನಮ್ಮವರು ಗಾಬರಿಯಿಂದ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರ ಮುಖ ನೋಡಿದಾಗಲೇ ನನಗೆ ಹೊಳೆದದ್ದು, ನಾನು ಕೂಗಿದ್ದಷ್ಟೂ ಕನ್ನಡದಲ್ಲಿ. ಕನ್ನಡದ ಒಂದಕ್ಷರವೂ ಬಾರದ ಮಾರ್ಗರೆಟ್ ಇಂಗ್ಲಿಷಿನಲ್ಲಿ, ಮೆಲ್ಲಗೆ ಹೇಳಿದರು:

“ಗೊತ್ತು, ಗೊತ್ತು. ಇನ್ನು ಹತ್ತುವುದಿಲ್ಲ.”