ಯಾರ ಸೋಮವಾರ?

ಅವರ ಎಡಗೈಯಲ್ಲಿ ಎರಡು ವಾಚು ಇರುತ್ತಿದ್ದವು. ಒಂದು ಗಂಡಸರ ವಾಚು, ಸ್ಟೀಲ್ ಚೈನಿನದು. ಕೈ ಎತ್ತಿದರೆ ಮೊಣಕೈವರೆಗೂ ಜಾರುತ್ತಿತ್ತು. ಇನ್ನೊಂದು ಚಿಕ್ಕದು, ಗಾಜು ಬಿರುಕು ಬಿಟ್ಟದ್ದು, ಪಟ್ಟಿ ಕಿತ್ತುಹೋಗಿ ಕಪ್ಪು ದಾರದಲ್ಲಿ ಕಟ್ಟಿದ್ದು. ದೊಡ್ಡದರಲ್ಲಿ ನಮ್ಮ ಗಂಟೆ. ಚಿಕ್ಕದರಲ್ಲಿ ಮಸ್ಕತ್ತಿನ ಗಂಟೆ. ಎರಡರ ನಡುವೆ ನಾಲ್ಕು ಹಸಿರು ಬಳೆ.

ಬೆಳಗೋಡಿನ ಬಸ್‌ಸ್ಟಾಪಿನ ಎದುರು ಅವರದೊಂದು ಫೋನ್ ಬೂತ್ ಇತ್ತು. ಎಲ್ಲರೂ ಬೂತ್ ಅಮ್ಮ ಎನ್ನುತ್ತಿದ್ದರು. ಬಾಯಲ್ಲಿ ಸವೆದು ಅದು ಬೂತಮ್ಮ ಆಗಿತ್ತು. ಕೇಳಿದರೆ ಸಿಟ್ಟು ಬರುತ್ತಿತ್ತು. "ಬೂತ್ ಕಣ್ರೋ, ಭೂತ ಅಲ್ಲ. ಸತ್ ಮೇಲೆ ಹಂಗ್ ಕರೀರಿ, ಬಂದು ಮೆಟ್ಕೊಂತೀನಿ" ಎನ್ನುತ್ತಿದ್ದರು.

ಆಗ ಊರಲ್ಲಿ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ನಮ್ಮ ಕಡೆಯ ಡ್ರೈವರ್ ಹುಡುಗರು ಒಬ್ಬರ ಹಿಂದೆ ಒಬ್ಬರು ಮಸ್ಕತ್ತು, ದುಬೈ ಎಂದು ಹೋಗುತ್ತಿದ್ದ ಕಾಲ. ಮನೆಯವರು ಮಾತಾಡಬೇಕೆಂದರೆ ಬೂತಿಗೇ ಬರಬೇಕು. ಬೂತಮ್ಮ ಚಿಕ್ಕ ವಾಚು ನೋಡಿ, "ಈಗ ಬ್ಯಾಡ, ಅಲ್ಲಿ ಇನ್ನೂ ಮಲ್ಗವ್ರೆ, ಹೋಗಿ ಹಾಲು ಕರ್ಕೊಂಡು ಬಾ" ಎಂದು ವಾಪಸ್ ಕಳಿಸುತ್ತಿದ್ದರು. ಅವರ ಲೆಕ್ಕ ಸುಲಭದ್ದು. "ಸೂರ್ಯ ಮೊದ್ಲು ನಮ್ಮ ಬಾಗ್ಲಿಗೆ ಬರ್ತಾನೆ, ಆಮೇಲೆ ಅರಬರ ಬಾಗ್ಲಿಗೆ. ಅದ್ಕೇ ಅವ್ರು ಹಿಂದೆ, ನಾವ್ ಮುಂದೆ." ಲಂಡನ್ ಹತ್ತಿರದ ಯಾವುದೋ ಊರಿನಿಂದ ಪ್ರಪಂಚದ ಗಂಟೆ ಎಣಿಸುತ್ತಾರಂತೆ. ಅಲ್ಲಿಗಿಂತ ಮಸ್ಕತ್ತು ನಾಲ್ಕು ಗಂಟೆ ಮುಂದೆ, ನಾವು ಐದೂವರೆ. ಕಳೆದರೆ ಮಸ್ಕತ್ತಿಗೂ ನಮಗೂ ಒಂದೂವರೆ. "ಆ ಅರ್ಧ ಮರೀಬ್ಯಾಡ. ಅರ್ಧ ಮರ್ತೋನು ಕೆಟ್ಟ."

ಅವರೇ ಒಂದು ಸಲ ಕೆಟ್ಟಿದ್ದರು. ಬೂತ್ ಹಾಕಿದ ಹೊಸದರಲ್ಲಿ ಕಳೆಯುವ ಬದಲು ಕೂಡಿ, ಎಸ್ಟೇಟ್ ರೈಟರ ಅಳಿಯನನ್ನು ಲಂಡನ್ನಿನಲ್ಲಿ ಹೊತ್ತಲ್ಲದ ಹೊತ್ತಲ್ಲಿ ಎಬ್ಬಿಸಿದ್ದರು. ಯಾರೋ ಸತ್ತರೆಂದುಕೊಂಡು ಅವನು ಫೋನಿನಲ್ಲೇ ಅತ್ತನಂತೆ. ಇವರೂ ಇಲ್ಲಿ ಕೂತು ಅತ್ತರಂತೆ. ಯಾರ ಮಾತನ್ನೂ ಕದ್ದು ಕೇಳದೆ ಬಿಡುತ್ತಿರಲಿಲ್ಲ. ಅದು ಅವರ ಕೆಟ್ಟ ಚಾಳಿ. ಆ ಚಾಳಿಯಿಂದಲೇ ನಾನು ಉಳಿದೆ.

ಅವರದು ಒಂದು ಪ್ರಶ್ನೆ ಇತ್ತು. ಯಾರಾದರೂ "ಸೋಮವಾರ ರಾತ್ರಿ ಬರ್ತೀನಿ" ಎಂದರೆ ಸಾಕು, "ಯಾರ ಸೋಮವಾರ?" ಎನ್ನುತ್ತಿದ್ದರು. ನಮ್ಮ ಊರಲ್ಲಿ ಕೋಳಿ ಕೂಗಿದ ಮೇಲೆ ದಿನ ಬದಲಾಗುವುದು. ರಾತ್ರಿ ಎರಡು ಗಂಟೆಗೆ ಕರು ಹಾಕಿದರೂ ಅದು ಹಿಂದಿನ ದಿನದ ರಾತ್ರಿಯೇ. ಗೌರ್ಮೆಂಟಿಗೆ ಹಾಗಲ್ಲ, ಹನ್ನೆರಡು ಹೊಡೆದರೆ ಮುಗಿಯಿತು, ಮಾರನೇ ದಿನ. ಮಾರನಹಳ್ಳಿಯಿಂದ ಘಾಟಿ ಇಳಿಯುವ ಲಾರಿಯವರು ಇದನ್ನೇ ಹಿಡಿದು ಆಡಿಕೊಳ್ಳುತ್ತಿದ್ದರು. "ಬೂತಮ್ಮ, ಒಂದ್ ಬೆಂಕಿಪಟ್ಣ ಕೊಡಿ, ನಮ್ಮ ಬೆಂಕಿನೋ ಗೌರ್ಮೆಂಟ್ ಬೆಂಕಿನೋ ನೋಡ್ಕೊಡಿ." ಬೂತಮ್ಮ ಬೆಂಕಿಪಟ್ಣ ಎಸೆಯುತ್ತಿದ್ದರು, ಮುಖಕ್ಕೇ.

ನಾನೂ ನಕ್ಕವನೇ.

ನನಗೆ ಮಸ್ಕತ್ತಿನಲ್ಲಿ ಡ್ರೈವರ್ ಕೆಲಸ ಸಿಕ್ಕಿತು. ಓದು ತಲೆಗೆ ಹತ್ತದೆ ಏಳನೇ ಕ್ಲಾಸಿಗೆ ಬಿಟ್ಟವನು ನಾನು. ಎರಡು ವರ್ಷ ಕಾದ ಮೇಲೆ ಬಂದ ವೀಸಾ ಅದು. ಮಂಗಳವಾರದೊಳಗೆ ಅಲ್ಲಿ ಇರದಿದ್ದರೆ ವೀಸಾ ಸತ್ತಂತೆ, ಕೆಲಸ ಬೇರೆಯವನಿಗೆ. ಏಜೆಂಟ್ ಫೋನಿನಲ್ಲಿ ಹೇಳಿದ್ದ: "ಸೋಮವಾರ, ರಾತ್ರಿ ಹನ್ನೆರಡು ನಲವತ್ತು, ಬೆಂಗಳೂರಿಂದ." ಮನೆಯಲ್ಲಿ ಎಲ್ಲ ತಯಾರಿ ನಡೆದಿತ್ತು. ಸೋಮವಾರ ಬೆಳಿಗ್ಗೆ ಪೂಜೆ, ಊಟ ಮುಗಿಸಿ ಮಧ್ಯಾಹ್ನದ ಬಸ್ಸು.

ಭಾನುವಾರ ಬೆಳಿಗ್ಗೆ, ಅಲ್ಲಿದ್ದ ಚಿಕ್ಕಪ್ಪನ ಮಗನಿಗೆ ಹೇಳಲು ಬೂತಿಗೆ ಹೋದೆ. "ಸೋಮವಾರ ರಾತ್ರಿ ಹತ್ತುತೀನಿ ಕಣೋ" ಎನ್ನುತ್ತಿದ್ದಂತೆ ಲೈನು ಸತ್ತಿತು. ನೋಡಿದರೆ ಬೂತಮ್ಮನ ಬೆರಳು ಫೋನಿನ ಗುಂಡಿಯ ಮೇಲಿದೆ.

"ಯಾರ ಸೋಮವಾರ?"

"ಅಯ್ಯೋ, ನಿಮ್ ಮಾತಿಗೆ ಬೆಂಕಿ ಬೀಳ! ಕಟ್ ಯಾಕ್ ಮಾಡಿದ್ರಿ?"

"ಬೆಂಕಿ ಆಮೇಲೆ ಹಾಕುವೆಂತೆ. ಟಿಕೆಟ್ ತಾ."

"ಮನೇಲೈತೆ."

"ಮನೇಲಿಟ್ಟು ಪೂಜೆ ಮಾಡ್ತಿದ್ದೀಯಾ? ಓಡು."

ಬೈದುಕೊಂಡೇ ಸೈಕಲ್ ತುಳಿದೆ. ಟಿಕೆಟ್ ತಂದು ಮುಖಕ್ಕೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟರು. ಸೋಮವಾರದ ತಾರೀಕು ಸರಿಯಾಗೇ ಇತ್ತು. ಪಕ್ಕದಲ್ಲಿ ಸೊನ್ನೆ ಸೊನ್ನೆ ನಾಲ್ಕು ಸೊನ್ನೆ.

"ಸೊನ್ನೆ ಸೊನ್ನೆ ಅಂದ್ರೆ ದಿನ ಈಗ ತಾನೇ ಹುಟ್ಟೈತೆ ಅಂತ. ಗೌರ್ಮೆಂಟ್ ಸೋಮವಾರ ಹುಟ್ಟೋದು ಈವತ್ ರಾತ್ರಿ ಕಣೋ. ನಾಳೆ ನೀನು ಹೋಗೋ ಹೊತ್ಗೆ ವಿಮಾನ ಅಲ್ಲಿಗೆ ಹೋಗಿ ವಾಪಸ್ಸೂ ಬಂದಿರ್ತದೆ."

ನಾನು ನಂಬಲಿಲ್ಲ. ಅವರೇ ಏಜೆಂಟನ ಮನೆಗೆ ಫೋನ್ ತಿರುಗಿಸಿದರು. ಅವನೂ ಅದನ್ನೇ ಹೇಳಿದ, ಸೋಮವಾರ ರಾತ್ರಿ ಎಂದು. ಬೂತಮ್ಮ ಕೇಳಿದರು: "ಅದ್ ಬುಡಪ್ಪ. ಈ ಹುಡ್ಗ ಈವತ್ತು ಮಲಗೋಕೆ ಮೊದ್ಲು ಹತ್ಬೇಕೋ, ನಾಳೆ ಮಲಗೋಕೆ ಮೊದ್ಲು ಹತ್ಬೇಕೋ? ಅಷ್ಟ್ ಹೇಳು." ಆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ ಅವನ ದನಿ ಸಣ್ಣಗಾಯಿತು. ಈವತ್ತೇ ಅಂದ.

ಬೂತಮ್ಮ ಎದುರಿಗೆ ನಿಂತಿದ್ದ ಜೀಪಿನವನನ್ನು ಕೂಗಿ ನನ್ನನ್ನು ಹತ್ತಿಸಿ, ಬೂತಿಗೆ ಬೀಗ ಹಾಕಿ ತಾವೂ ಹತ್ತಿದರು. ಮನೆಯಲ್ಲಿ ಅವ್ವ ಅಡ್ಡ ನಿಂತಳು. "ಭಾನುವಾರ ಹೊರಡ್ಬ್ಯಾಡ ಅಂದವ್ರೆ ಅಯ್ನೋರು. ದಿನ ಸರಿ ಇಲ್ಲ."

"ವಿಮಾನದೋನು ಪಂಚಾಂಗ ನೋಡಿ ಟಿಕೆಟ್ ಹರ್ದಿಲ್ಲ ಕಣವ್ವ" ಎಂದರು ಬೂತಮ್ಮ. ಮತ್ತೆ ಸ್ವಲ್ಪ ತಗ್ಗಿ, "ಅವ್ನು ನೆಲ ಬಿಡೋದು ಗೌರ್ಮೆಂಟ್ ಸೋಮವಾರನೇ ಅಲ್ವಾ? ಅಯ್ನೋರ ಮಾತೂ ನಡೀತು ಬುಡು" ಎಂದರು. ಅವ್ವ ಕಣ್ಣೊರೆಸಿಕೊಂಡು ದಾರಿ ಬಿಟ್ಟಳು. ಪೂಜೆ ಇಲ್ಲ, ಊಟ ಇಲ್ಲ. ಒಣಗದ ಅಂಗಿಯನ್ನು ಹಾಗೇ ಬ್ಯಾಗಿಗೆ ತುರುಕಿದರು.

ಸಕಲೇಶಪುರದಲ್ಲಿ ಬೂತಮ್ಮ ಬೆಂಗಳೂರಿನ ಬಸ್ಸು ಹತ್ತಿಸುವಾಗ ಆ ಚಿಕ್ಕ ವಾಚು ಕೇಳಿದೆ. ಗುರುತಿಗಿರಲಿ ಎಂದು. "ನಂಗೇ ಬೇಕು. ನೀನು ಅಲ್ಲೊಂದ್ ತಗೋ" ಎಂದರು. "ಕಟ್ ಆದ ಫೋನಿನ ದುಡ್ಡು ಬಾಕಿ ಐತೆ, ಬಂದ್ ಮೇಲೆ ಕೊಡು."

ಆ ರಾತ್ರಿ ನಾನು ವಿಮಾನದಲ್ಲಿದ್ದೆ. ಮನೆ ಕಟ್ಟಿದ್ದು, ತಂಗಿ ಮದುವೆ ಮಾಡಿದ್ದು, ಎಲ್ಲ ಅಲ್ಲಿಂದ ಶುರು.

ಮೊದಲ ರಜೆಗೆ ಬಂದಾಗ ಬೂತಿನಲ್ಲಿ ಕೂತು ಕೇಳಿದೆ, ಈ ಪ್ರಶ್ನೆ ಎಲ್ಲಿ ಕಲಿತಿರಿ ಎಂದು. ಅವರು ಟೀ ತರಿಸಿ ಹೇಳಿದರು. ಅವರ ತಮ್ಮ ಮಿಲಿಟರಿಯಲ್ಲಿದ್ದ. ಒಂದು ಸಲ ತಾನು ಉತ್ತರದ ಕಡೆಗೆ ಹೋಗುವ ರೈಲು ಅರಸೀಕೆರೆ ಮೇಲೆ ಹೋಗುತ್ತದೆ, ಶನಿವಾರ ರಾತ್ರಿ ಒಂದು ಗಂಟೆ, ಬನ್ನಿ ಎಂದು ಹೇಳಿಕಳಿಸಿದ್ದ. ಬೂತಮ್ಮನೂ ಅವರ ತಾಯಿಯೂ ಕಡುಬು ಮಾಡಿಕೊಂಡು ಶನಿವಾರ ಸಂಜೆ ಹೋಗಿ ಕೂತರು. ರೈಲು ಬಂತು. ಅವನಿರಲಿಲ್ಲ. ಅವನು ಹಿಂದಿನ ರಾತ್ರಿಯೇ ಹೋಗಿದ್ದ, ಗೌರ್ಮೆಂಟ್ ಶನಿವಾರದಲ್ಲಿ.

"ಕಿಟಕಿಲಿ ತಲೆ ಹಾಕಿ ಪ್ಲಾಟ್‌ಫಾರ್ಮೆಲ್ಲ ನೋಡಿದ್ನಂತೆ. ಅವ್ನು ಮತ್ತೆ ರಜಕ್ಕೆ ಬರೋ ಹೊತ್ಗೆ ಅವ್ವ ಇರ್ಲಿಲ್ಲ." ಬಳೆ ತಿರುಗಿಸಿದರು. "ಕಡುಬು ನಾವೇ ತಿಂದ್ವಿ. ಟೀ ಆರ್ತದೆ, ಕುಡಿ."

ಅಂದಿನಿಂದ ಅವರ ಪ್ರಶ್ನೆಗೆ ನಾನು ನಗಲಿಲ್ಲ.

ಮೊಬೈಲ್ ಬಂತು. ಬೂತಿನಲ್ಲಿ ಬಾಳೆಹಣ್ಣು, ಬಿಸ್ಕತ್ತು ಬಂದವು. ವಾಚುಗಳು ಕೈಯಲ್ಲೇ ಇದ್ದವು. ಹೋದ ವರ್ಷ ಅವರ ಮಗಳು ಮಸ್ಕತ್ತಿಗೆ ಫೋನ್ ಮಾಡಿ ಅವ್ವ ಹೋದಳು ಎಂದಳು. ಎದೆನೋವು, ರಾತ್ರಿ ಒಂದು ಗಂಟೆಗೆ. ನಾನು ಗಾಡಿ ಬದಿಗೆ ನಿಲ್ಲಿಸಿದೆ.

ಕೆಲವು ದಿನ ಬಿಟ್ಟು ಮತ್ತೆ ಫೋನ್ ಮಾಡಿದಳು. "ಅಣ್ಣ, ಸಮಾಧಿ ಕಲ್ಲಿಗೆ ವಾರ ಬರೆಸ್ಬೇಕು. ಪಂಚಾಯ್ತಿಯೋರು ಮಂಗಳವಾರ ಅಂತ ಬರ್ಕೊಂಡವ್ರೆ. ಊರೋರು ಸೋಮವಾರ ರಾತ್ರಿ ಅಂತಾರೆ. ಯಾವ್ದ್ ಹಾಕ್ಸ್ಲಿ?"

ನಾನು ಒಂದು ಗಂಟೆಯಿಂದ ಒಂದೂವರೆ ಕಳೆದೆ. ಅರ್ಧ ಮರೆಯಲಿಲ್ಲ. ಹನ್ನೊಂದೂವರೆ. ಅವರು ಹೋದಾಗ ಇಲ್ಲಿ ಮಸ್ಕತ್ತಿನಲ್ಲಿ, ನನ್ನ ಕೈಯ ವಾಚಿನಲ್ಲಿ, ಅವರ ಆ ಚಿಕ್ಕ ವಾಚಿನಲ್ಲಿ, ಗೌರ್ಮೆಂಟ್ ಲೆಕ್ಕಕ್ಕೂ ಇನ್ನೂ ಸೋಮವಾರವೇ.

"ಸೋಮವಾರ ಅಂತ್ಲೇ ಹಾಕ್ಸವ್ವ" ಎಂದೆ.

"ಪಂಚಾಯ್ತಿಯೋರು ಯಾರ ಸೋಮವಾರ ಅಂತ ಕೇಳಿದ್ರೆ?" ಅವಳು ಅಳುತ್ತಲೇ ನಕ್ಕಳು.

"ನಮ್ದು ಅನ್ನು."