ಎಕ್ಸ್‌ಚೇಂಜ್ ಅಮ್ಮ ಕೊಟ್ಟ ಲೈನು

ಅವರ ಎಡಗಿವಿ ತಲೆಗೆ ಅಂಟಿಸಿದಂತೆ ಒತ್ತಿಕೊಂಡಿತ್ತು. ಬಲಗಿವಿ ಮಾತ್ರ ತೆರೆದಿಟ್ಟ ಬಾಗಿಲಿನ ಹಾಗೆ ಹೊರಕ್ಕೆ ಚಾಚಿತ್ತು. ಎಡಗಿವಿಯಿಂದ ನೆತ್ತಿಯವರೆಗೆ ಬೆರಳಗಲದ ಒಂದು ಪಟ್ಟಿಯಲ್ಲಿ ಕೂದಲು ತೆಳ್ಳಗಾಗಿತ್ತು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತಿದ್ದರ ಗುರುತು ಅದು. ಹುಟ್ಟಿದ್ದು ಕುರುಗೋಡು, ನೌಕರಿ ಮೊದಲು ಸಿರುಗುಪ್ಪ, ಆಮೇಲೆ ಬಳ್ಳಾರಿ. ನಮ್ಮ ಓಣಿಯವರಿಗೆಲ್ಲ ಅವರು ಎಕ್ಸ್‌ಚೇಂಜ್ ಅಮ್ಮ. ಅವರ ಮನೆಯ ಮಹಡಿಯ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದವನು ನಾನು. ನನ್ನೂರು ಕೊಳಗಲ್ಲು ಇಲ್ಲೇ ಪಕ್ಕದಲ್ಲಿದೆ. ಆದರೆ ನಾನು ಗಿಟಾರ್ ಹಿಡಿದ ದಿನದಿಂದ ಎಮ್ಮೆ ಹಾಲು ಕಡಿಮೆ ಮಾಡಿದೆ ಎಂದು ಅಪ್ಪ ಲೆಕ್ಕ ಹಾಕಿದ್ದರು. ಎಮ್ಮೆ ಬೇಕೋ ಮಗ ಬೇಕೋ ಎಂಬ ಪ್ರಶ್ನೆಗೆ ಮನೆಯಲ್ಲಿ ಯಾರೂ ಹೆಚ್ಚು ಹೊತ್ತು ಯೋಚಿಸಲಿಲ್ಲ.

ಎಕ್ಸ್‌ಚೇಂಜ್ ಅಮ್ಮ ಮಾತಾಡುವುದೇ ಬೇರೆ ಥರ. ಎದುರಿಗಿದ್ದವರು ಮಾತು ಮುಗಿಸಿದ ಮೇಲೂ ಒಂದು ಗಳಿಗೆ ಸುಮ್ಮನಿದ್ದು, ಅವರು ಎದುರಿನ ಕಟ್ಟೆಯ ಮೇಲಲ್ಲ, ಮದ್ರಾಸಿನಲ್ಲಿದ್ದಾರೇನೋ ಎಂಬಂತೆ ಕಾದು, ಆಮೇಲೆ ಉತ್ತರ ಕೊಡುತ್ತಿದ್ದರು. ಕೊನೆಗೆ 'ಮುಗೀತೇನ್ರಿ?' ಎಂದು ಕೇಳದೆ ಯಾರ ಮುಂದಿನಿಂದಲೂ ಎದ್ದವರಲ್ಲ. ತರಕಾರಿ ಗಾಡಿಯವನಿಗೂ ಅದೇ ಪ್ರಶ್ನೆ, ಮನೆಗೆ ಬಂದ ಸ್ವಾಮಿಗಳಿಗೂ ಅದೇ. ಒಮ್ಮೆ ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಕೊಡ ಎತ್ತಿಕೊಂಡು ಜಗಳಕ್ಕೆ ನಿಂತಾಗ ಇವರು ನಡುವೆ ಹೋಗಿ, ಇಬ್ಬರ ಬಾಯಿಯನ್ನೂ ಪೂರ್ತಿ ಕೇಳಿಸಿಕೊಂಡು, 'ಮುಗೀತಾ?' ಎಂದರು. ಇಬ್ಬರೂ ಕೊಡ ತುಂಬಿಕೊಂಡು ಹೋದರು.

ಕನ್ನಡ, ತೆಲುಗು, ಉರ್ದು ಮೂರರಲ್ಲೂ ಊರವರ ಗುಟ್ಟು ಕೇಳಿದ ಕಿವಿ ಅದು. ಯಾರ ಮದುವೆ ಮಾತು ಯಾಕೆ ಮುರಿಯಿತು, ಯಾರು ಯಾರಿಗೆ ದಿನಾ ಫೋನ್ ಮಾಡುತ್ತಿದ್ದರು, ಎಲ್ಲ ಗೊತ್ತಿತ್ತು. ನಮ್ಮ ಓಣಿಯವರು ಚಹಾ ಕುಡಿಸಿ, ಮಂಡಕ್ಕಿ ತಿನ್ನಿಸಿ, ಬಾಯಿ ಬಿಡಿಸಲು ನೋಡುತ್ತಿದ್ದರು. ಅವರು ಚಹಾ ಕುಡಿದು, ಮಂಡಕ್ಕಿ ತಿಂದು, 'ಆ ಲೈನ್ ಕಟ್ ಆಗೇತ್ರಿ' ಎನ್ನುತ್ತಿದ್ದರು.

ಇಂಥವರನ್ನು ನಾನು ಅಣಕಿಸದೆ ಬಿಟ್ಟೇನೆ? ನನಗೆ ದೇವರು ಕೊಟ್ಟ ವಿದ್ಯೆ ಅದೊಂದೇ. ಓಣಿಯ ಗಣಪತಿ ಮುಂದೆ, ಮೂಗಿನಿಂದ 'ಹಲೋ, ಲೈನಿನಾಗ ಇರ್ರಿ' ಎಂದು ಅವರಂತೆ ಮಾಡಿ ಭರ್ಜರಿ ಚಪ್ಪಾಳೆ ಗಿಟ್ಟಿಸಿದ್ದೆ. ಮರುದಿನ ಕರೆದರು. ನನ್ನ ಎದುರಿಗೇ ಮಾಡು ಎಂದರು. ಮಾಡಿದೆ. ಪೂರ್ತಿ ಕೇಳಿ ಹೇಳಿದರು: "ಇದು ನಂದಲ್ಲ ಬಿಡು. ನನ್ನ ಬಾಜೂಕ ಕುಂಡ್ರತಿದ್ದಾಕಿದು. ಆಕಿಗೆ ಯಾವಾಗಲೂ ನೆಗಡಿ." ನನ್ನ ಅಣಕವನ್ನು ಅಣಕಿಸಿದವರು ಅವರೊಬ್ಬರೇ.

ಈಗ ನನ್ನ ಕಷ್ಟಕ್ಕೆ ಬರುತ್ತೇನೆ. ವಾರವಿಡೀ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಜೇಬು ಕತ್ತರಿಸುತ್ತಿದ್ದ ನಾನು, ರಜೆ ಸಿಕ್ಕಾಗ ಸಿರುಗುಪ್ಪದ ಒಂದು ಆರ್ಕೆಸ್ಟ್ರಾದೊಂದಿಗೆ ಹೋಗುತ್ತಿದ್ದೆ. ಗಿಟಾರಿಗಲ್ಲ, ಮಿಮಿಕ್ರಿಗೆ. ಗಾಯಕರು ನೀರು ಕುಡಿಯುವಾಗ, ಮೈಕಿನ ವೈರು ಬದಲಿಸುವಾಗ, ಜನ ಎದ್ದು ಹೋಗದಂತೆ ನಾನು ನಾಯಿ, ಬಸ್ಸು, ಮಂತ್ರಿ ಎಲ್ಲ ಆಗಬೇಕು. ಹಾಡು ಶುರುವಾದರೆ ಸ್ಟೇಜಿನಿಂದ ಇಳಿಯಬೇಕು. ಅವರ ಗಿಟಾರಿನವನು ಬಿಟ್ಟು ಹೋದಾಗ ನಾಚಿಕೆ ಬಿಟ್ಟು, ಆ ಜಾಗ ನನಗೆ ಕೊಡಿ ಎಂದು ಆರ್ಕೆಸ್ಟ್ರಾ ನಡೆಸುವ ಮಾಸ್ಟರನ್ನು ಕೇಳಿದೆ. ಅವರು ಒಂದು ಹಾಡಿನ ತಾಳವನ್ನು ಫೋನಿಗೆ ಕಳಿಸಿ, ಇದಕ್ಕೆ ಗಿಟಾರ್ ಬಾರಿಸಿ ರೆಕಾರ್ಡ್ ಮಾಡಿ ಕಳಿಸು ಎಂದರು. ಕಳಿಸಿದೆ. ಉತ್ತರ ಬಂತು: "ತಾಳಕ್ಕ ನಿನ್ನ ಕೈ ಹಿಂದ ಬೀಳ್ತೈತಿ ತಮ್ಮಾ. ನಿನಗ ಮಿಮಿಕ್ರಿನ ಚಂದ." ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಇನ್ನೊಂದೇ ಸಲ ನೋಡುತ್ತೇನೆ, ಭಾನುವಾರ ಸಂಜೆಯೊಳಗೆ ಬರಬೇಕು, ಇಲ್ಲದಿದ್ದರೆ ಹೊಸಪೇಟೆಯ ಹುಡುಗನಿಗೆ ಹೇಳುತ್ತೇನೆ ಎಂದರು. ಜೀವನವಿಡೀ ಬೇರೆಯವರ ದನಿಯಲ್ಲಿ ಬೊಗಳಿಕೊಂಡಿರಬೇಕೋ, ನನ್ನದೂ ಅಂತ ಒಂದು ಸದ್ದು ಉಂಟೋ ಎಂಬುದು ಆ ಭಾನುವಾರದ ಮೇಲೆ ನಿಂತಿತ್ತು.

ಆ ದಿನ ಮಧ್ಯಾಹ್ನ ಕೋಣೆಯೊಳಗೆ ಬಳ್ಳಾರಿಯ ಬಿಸಿಲು ಪೂರ್ತಿ ಬಂದು ಕೂತಿತ್ತು. ಸದ್ದಾಗುತ್ತದೆಂದು ಫ್ಯಾನೂ ಆರಿಸಿದ್ದೆ. ಗಿಟಾರಿನ ವೈರು ಅಂಗೈಯಗಲದ ಒಂದು ಡಬ್ಬಿಗೆ, ಡಬ್ಬಿಯಿಂದ ಹಳೆಯ ಕಂಪ್ಯೂಟರಿಗೆ, ಅದರೊಳಗೆ ಪುಕ್ಕಟೆ ಸಿಕ್ಕ ರೆಕಾರ್ಡಿಂಗ್ ಸಾಫ್ಟ್‌ವೇರು. ಹೋದ ವಾರ ಬಾರಿಸುವಾಗ ಹೆಡ್‌ಫೋನಿನಲ್ಲಿ ಗಿಟಾರ್ ಹೇಗೋ ಕೇಳುತ್ತಿತ್ತು. ಮಾಸ್ಟರ ಮಾತು ಕೇಳಿದ ಸಿಟ್ಟಿಗೆ ಕಂಡಕಂಡ ಗುಂಡಿಯನ್ನೆಲ್ಲ ಒತ್ತಿದ್ದರಿಂದ ಈಗ ಅದೂ ಇಲ್ಲ. ತಂತಿ ಮೀಟಿದರೆ ಪರದೆಯ ಮೇಲೆ ಹಸಿರು ಪಟ್ಟಿ ಕುಣಿಯುತ್ತದೆ, ರೆಕಾರ್ಡೂ ಆಗುತ್ತದೆ. ಕಿವಿಗೆ ಮಾತ್ರ ಬರೀ ತಾಳ. ಕಂಪ್ಯೂಟರನ್ನು ಮೊದಲು ಅಪ್ಪನ ದನಿಯಲ್ಲಿ ಬೈದೆ, ಆಮೇಲೆ ನಮ್ಮ ಸೂಪರ್‌ವೈಸರ ದನಿಯಲ್ಲಿ, ಕೊನೆಗೆ ಸಿರುಗುಪ್ಪ ಬಸ್ಸಿನ ಕಂಡಕ್ಟರಾಗಿ ಕೆಳಗಿಳಿ ಎಂದು ಗದರಿದೆ.

ಎಕ್ಸ್‌ಚೇಂಜ್ ಅಮ್ಮ ಮೆಂತ್ಯಸೊಪ್ಪಿನ ಮೊರ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು.

"ಮ್ಯಾಲ ಎಷ್ಟು ಮಂದಿ ಅದೀರಲೇ?"

"ನಾನೊಬ್ಬನ ಅದೀನ್ರೀ ಅಮ್ಮಾ."

ನಂಬದೆ ಬಾಗಿಲ ಹಿಂದೆ ನೋಡಿದರು. ಆಮೇಲೆ ಕೂತು ನನ್ನ ಗೋಳನ್ನು ಪೂರ್ತಿ ಕೇಳಿ, ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಅದರ ಬೆನ್ನ ಮೇಲೆ ಗಿಟಾರು, ಡಬ್ಬಿ, ಕಂಪ್ಯೂಟರು, ಕಿವಿ ಎಂದು ನಾಲ್ಕು ಚೌಕ ಬರೆಸಿದರು. ಪ್ರತಿ ಚೌಕದ ಹತ್ತಿರವೂ ಇಲ್ಲಿಗೆ ಸದ್ದು ಮುಟ್ಟಿದೆಯೇ ಎಂದು ಕೇಳುತ್ತ, ನಾನು ತೋರಿಸಿದ ಮೇಲೆಯೇ ಬೆರಳು ಮುಂದಕ್ಕೆ ಸರಿಸಿದರು. ಕಂಪ್ಯೂಟರಿನವರೆಗೆ ಮುಟ್ಟಿತ್ತು. ಅಲ್ಲಿಂದ ಕಿವಿಗೆ ಇಲ್ಲ.

"ಮಷೀನಿಗೆ ಲೈನ್ ಕೊಟ್ಟೀ, ನಿನ್ನ ಕಿವಿಗೆ ಕೊಟ್ಟಿಲ್ಲ. ಅದಕ್ಕೊಂದು ಗುಂಡಿ ಇರಬೇಕಲ್ಲ, ಹುಡುಕು."

ಇತ್ತು. ರೆಕಾರ್ಡಿನ ಕೆಂಪು ಗುಂಡಿಯ ಪಕ್ಕದಲ್ಲೇ, ಸಣ್ಣ ಸ್ಪೀಕರಿನ ಚಿತ್ರ ಬರೆದದ್ದು. ಅಷ್ಟು ದಿನ ಅದನ್ನು ಅಲಂಕಾರ ಎಂದುಕೊಂಡಿದ್ದೆ. ಒತ್ತಿದ ಕೂಡಲೇ ಕಿವಿಗೆ ಗಿಟಾರ್ ಬಂತು. ಖುಷಿಯಿಂದ ತಾಳ ಹಾಕಿ ಶುರು ಮಾಡಿದೆ. ನಾಲ್ಕು ಸಾಲು ಹೋಗುವಷ್ಟರಲ್ಲಿ ತಾಳ ಮುಂದೆ, ನಾನು ಹಿಂದೆ. ಗಿಟಾರ್ ಕೆಳಗಿಟ್ಟೆ. ಮಾಸ್ಟರು ಹೇಳಿದ್ದು ಸುಳ್ಳಲ್ಲ, ನನ್ನ ಕೈಯೇ ಹಾಗೆ, ಮಿಮಿಕ್ರಿಯೇ ಗತಿ ಎಂದೆ. ಅಷ್ಟು ಮಾತನ್ನು ಯಾರ ದನಿಯಲ್ಲೂ ಹೇಳದೆ ನನ್ನ ದನಿಯಲ್ಲೇ ಹೇಳಿದ್ದರಿಂದ ಇರಬೇಕು, ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು.

ಹೆಡ್‌ಫೋನಿನ ಒಂದು ಬಟ್ಟಲನ್ನು ಒಂದು ಕಿವಿಗೆ ಇಟ್ಟುಕೊಂಡು, ಇನ್ನೊಂದು ಕಿವಿಯನ್ನು ಗಿಟಾರಿನ ತಂತಿಯ ಹತ್ತಿರ ತಂದು, ಒಂದೇ ಒಂದು ಸಲ ಮೀಟು ಎಂದರು. ಮೀಟಿದೆ.

"ಒಂದ ಪೆಟ್ಟು ಎರಡು ಸಾರಿ ಕೇಳತೈತಿ. ಲೇ ತಮ್ಮಾ, ನಿನ್ನ ಕೈ ತಡ ಅಲ್ಲ. ಲೈನ್ ತಡ."

ಆಮೇಲೆ ಸಿರುಗುಪ್ಪದ ಕಥೆ ಹೇಳಿದರು. ಅಕ್ಕಿ ಮಿಲ್ಲಿನ ಸಾಹುಕಾರರೊಬ್ಬರು ಮದ್ರಾಸಿಗೆ ಫೋನಿನಲ್ಲಿ ದರ ಓದಿ ಹೇಳುತ್ತಿದ್ದರಂತೆ. ಲೈನಿನ ದೋಷದಿಂದ ಅವರ ಮಾತು ಅವರಿಗೇ ತಿರುಗಿ, ತಡವಾಗಿ ಕೇಳತೊಡಗಿತು. ಗುಡುಗಿನಂಥ ಮನುಷ್ಯ ಮಗುವಿನ ಹಾಗೆ ತೊದಲಲು ಶುರು ಮಾಡಿ, ತನಗೆ ಲಕ್ವ ಹೊಡೆಯಿತೆಂದು ಮಿಲ್ಲಿನವರನ್ನೆಲ್ಲ ಕೂಗಿದರು. ಇವರು ನಡುವೆ ಬಂದು, ನಿಮಗೇನೂ ಆಗಿಲ್ಲ, ಮಾತಾಡುವಾಗ ರಿಸೀವರನ್ನು ಕಿವಿಯಿಂದ ದೂರ ಹಿಡಿಯಿರಿ ಎಂದರು. ಸಾಹುಕಾರರು ಗಡಗಡ ಓದಿ ಮುಗಿಸಿದರು. "ನೀನೂ ಅದನ್ನ ಮಾಡಾಕತ್ತೀ. ಹಿಂದಿನ ಸದ್ದು ಕಿವಿಗೆ ಬರೋತನ ಕೈ ಕಾಯ್ತೈತಿ. ಕೈಯೇನು ತಪ್ಪು ಮಾಡೇತಿ ಪಾಪ?"

ಒಂದು ವಾರದಿಂದ ನನ್ನ ಕೈಗೆ ಯಾರೂ ಪಾಪ ಎಂದಿರಲಿಲ್ಲ. ಅಳು ಗೊತ್ತಾಗದಿರಲೆಂದು ಕಾಗೆಯ ಹಾಗೆ ಕೂಗಿದೆ. ಕಾಗೆಯೂ ಅತ್ತಂತೆ ಕೇಳಿಸಿತು.

ತಡ ಎಲ್ಲಿದೆ ಎಂದು ಸಾಫ್ಟ್‌ವೇರಿನೊಳಗೆ ಹುಡುಕಿದಾಗ ಬಫರ್ ಎಂಬುದು ಸಿಕ್ಕಿತು. ಕಂಪ್ಯೂಟರು ಸದ್ದನ್ನು ಬಂದ ಹಾಗೆಯೇ ಕೊಡುವುದಿಲ್ಲ. ಒಂದಿಷ್ಟು ಕೂಡಿಟ್ಟುಕೊಂಡು, ತುಂಬಿದ ಮೇಲೆ ಬಿಡುತ್ತದೆ. ನನ್ನದು ಸಾವಿರದ ಇಪ್ಪತ್ತನಾಲ್ಕಕ್ಕೆ ನಿಂತಿತ್ತು. ಇದನ್ನು ವಿವರಿಸಿದಾಗ ಅಮ್ಮ, ಅದು ಸಿರಿಗೇರಿ ಟಂಟಂ ಆಟೋ ಇದ್ದಂಗ, ಸೀಟು ತುಂಬೋತನ ಹೊರಡಂಗಿಲ್ಲ, ಕಡಿಮೆ ಮಂದಿಗೇ ಬಿಡು ಅಂತ ಹೇಳು ಎಂದರು. ನಾನು ಆಸೆಗೆ ಬಿದ್ದು ಅರವತ್ತನಾಲ್ಕಕ್ಕೆ ಇಳಿಸಿದೆ. ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ ಸದ್ದು. ನಮ್ಮ ಮುದಿ ಕಂಪ್ಯೂಟರಿಗೆ ಅಷ್ಟು ಅವಸರ ಒಗ್ಗಲಿಲ್ಲ. ನೂರಿಪ್ಪತ್ತೆಂಟಕ್ಕೆ ಏರಿಸಿದೆ. ಸಿಡಿತ ನಿಂತಿತು. ಮೀಟಿದರೆ, ಬೆರಳು ತಂತಿ ಬಿಟ್ಟ ಗಳಿಗೆಯಲ್ಲೇ ಸದ್ದು ಕಿವಿಯಲ್ಲಿ. ಹೆಡ್‌ಫೋನಿನ ಒಂದು ಬಟ್ಟಲನ್ನು ನನ್ನ ಕಿವಿಯ ಹಿಂದಕ್ಕೆ ಸರಿಸಿದವರೂ ಅವರೇ. ಎರಡೂ ಕಿವಿ ಲೈನಿಗೆ ಕೊಟ್ಟು ಕೂತರೆ ಪಕ್ಕದಲ್ಲಿರುವವರು ಸತ್ತರೂ ತಿಳಿಯುವುದಿಲ್ಲ ಎಂದರು.

ಈ ಸಲ ಹಾಡು ಮುಗಿಯುವವರೆಗೆ ತಾಳ ನನ್ನ ಜೊತೆಗೇ ಬಂತು. ಹೊಗಳಿಕೆಗೆ ಕಾದು ನೋಡಿದೆ. ಅವರು ಹೆಡ್‌ಫೋನಿನಲ್ಲಿ ಕೇಳಿ, ಎರಡು ಕಡೆ ತಡವಾಗಿದೆ, ಇದು ಲೈನಿನದಲ್ಲ, ನಿನ್ನದೇ ಎಂದರು. ಮತ್ತೆ ಬಾರಿಸಿದೆ. ನಡುವಿನ ತುಣುಕು ಕೇಳಿ, ಇದು ಯಾರದು ಎಂದರು. ಫೋನಿನಲ್ಲಿ ನೋಡಿ ಕಲಿತದ್ದು, ನನ್ನದಲ್ಲ ಎಂದು ಒಪ್ಪಿಕೊಂಡೆ.

"ಗಿಟಾರಿನಾಗೂ ಮಿಮಿಕ್ರಿನೇನು? ನಿಂದು ಹಾಕಲೇ, ಕೇಳೋಣು."

ನನ್ನದು ಎಂಬುದು ಎಲ್ಲಿದೆಯೋ ಹುಡುಕಲು ಐದು ಸಲ ಬೇಕಾಯಿತು. ಸೊಪ್ಪು ಬಿಡಿಸಿ ಮುಗಿದಿತ್ತು. ಅವರು ಬರೀ ಕಡ್ಡಿಗಳನ್ನು ಕೈಯಲ್ಲಿ ತಿರುವುತ್ತ ಕೂತಿದ್ದರು. ಆರನೆಯದನ್ನು ಕೇಳಿ ಎದ್ದು, ಮೊರ ಕಂಕುಳಿಗೆ ಇಟ್ಟುಕೊಂಡು, ಇದನ್ನು ಕಳಿಸು ಎಂದು ಇಳಿದು ಹೋದರು.

ಮರುದಿನ ಮಾಸ್ಟರಿಂದ ಫೋನ್ ಬಂತು. ಗುರುವಾರ ಕುರುಗೋಡಿನಲ್ಲಿ ಮದುವೆ ಕಾರ್ಯಕ್ರಮ, ಗಿಟಾರ್ ತಗೊಂಡು ಬಾ. ಮಿಮಿಕ್ರಿ, ವ್ಯಾಳ್ಯ ಉಳಿದರೆ ನೋಡೋಣ ಎಂದರು. ಅಂದಿನಿಂದ ಹಾಡು ಶುರುವಾದಾಗ ನಾನು ಸ್ಟೇಜಿನಿಂದ ಇಳಿದಿಲ್ಲ.

ಅಮ್ಮ ಒಂದು ಕಾರ್ಯಕ್ರಮಕ್ಕೂ ಬರಲಿಲ್ಲ. ದೊಡ್ಡ ಸ್ಪೀಕರಿನ ಸದ್ದು ತಡೆಯುತ್ತಿರಲಿಲ್ಲ. ಹೋದ ವರ್ಷ, ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಮಣ್ಣಿಗೆ ಕುರುಗೋಡಿಗೇ ಒಯ್ದರು. ಓಣಿಯ ಅರ್ಧ ಜನ ಅತ್ತರು. ಗುಟ್ಟು ಉಳಿಸಿದ್ದಕ್ಕೆ ಇನ್ನರ್ಧ ಜನ ಕೈ ಮುಗಿದರು ಎಂದು ನಾನೇ ಚೇಷ್ಟೆ ಮಾಡಿದೆ. ಯಾರೂ ನಗಲಿಲ್ಲ, ನಾನೂ ನಗಲಿಲ್ಲ.

ತಿಂಗಳ ಮೇಲೆ ಸಿರುಗುಪ್ಪದಲ್ಲಿ ಕಾರ್ಯಕ್ರಮವಿತ್ತು. ಅಂದು ಮಾಸ್ಟರಿಗೆ ಉಮೇದು ಬಂದು, ವಾದ್ಯದವರನ್ನು ಒಬ್ಬೊಬ್ಬರಾಗಿ ಮುಂದೆ ಕರೆದು, ನಿಮ್ಮ ಗುರುಗಳು ಯಾರು ಎಂದು ಮೈಕಿನಲ್ಲಿ ಕೇಳಿದರು. ತಬಲಾದವನು ಗೌರವದಿಂದ ಕಿವಿ ಮುಟ್ಟಿಕೊಂಡು ಒಬ್ಬ ಉಸ್ತಾದರ ಹೆಸರು ಹೇಳಿದ. ಕೀಬೋರ್ಡಿನವನು ಗದಗಿನ ಒಬ್ಬ ಮೇಷ್ಟ್ರ ಹೆಸರು ಹೇಳಿದ. ನನ್ನ ಸರದಿ ಬಂತು. ನಾನೂ ಕಿವಿ ಮುಟ್ಟಿಕೊಂಡು, ಇದೇ ಊರಿನಲ್ಲಿ ನೌಕರಿ ಮಾಡಿದ ಒಬ್ಬರು ಟೆಲಿಫೋನ್ ಆಪರೇಟರು ಎಂದೆ.

ಜನ ಬಿದ್ದು ಬಿದ್ದು ನಕ್ಕರು. ಮಿಮಿಕ್ರಿ ಶುರುವಾಯಿತು ಎಂದುಕೊಂಡು ಮುಂದಿನ ಸಾಲಿನವರು ಸಿಳ್ಳೆಯನ್ನೂ ಹೊಡೆದರು. ಮಾಸ್ಟರು ನನ್ನ ಮುಖ ನೋಡಿ ನಗುವುದನ್ನು ನಿಲ್ಲಿಸಿ, ಮೈಕನ್ನು ಇನ್ನೊಮ್ಮೆ ನನ್ನ ಬಾಯಿಯ ಹತ್ತಿರ ಹಿಡಿದರು. ನಾನು ಮುಗೀತ್ರಿ ಎಂದು ತಲೆಯಾಡಿಸಿ, ಮುಂದಿನ ಹಾಡಿಗೆ ತಂತಿ ಬಿಗಿ ಮಾಡಿಕೊಂಡೆ.