ಕಚ್ಚಾ ಹೊಲಿಗೆಯ ಪ್ರೋಗ್ರಾಂ

ಹೊಲಿಗೆ ಯಂತ್ರ ತುಳಿಯುವುದನ್ನು ಬಿಟ್ಟು ಇಪ್ಪತ್ತೈದು ವರ್ಷವಾದರೂ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ದರ್ಜಿಯಕ್ಕನೇ. ನಿವೃತ್ತಿಯ ದಿನ ಕಂಪ್ಯೂಟರ್ ಕೋಣೆಯ ತನ್ನ ಡ್ರಾಯರ್ ಖಾಲಿ ಮಾಡುವಾಗ, ತಳದಲ್ಲಿ ಮಡಿಸಿಟ್ಟ ಹಾಳೆಯೊಂದು ಸಿಕ್ಕಿತು. ಪೆನ್ಸಿಲಿನ ಚೌಕಗಳು, ಬಾಣಗಳು. ಒಂದು ಚೌಕದ ಸುತ್ತ, ಕಂಪ್ಯೂಟರ್ ಕಲಿಸಿದ ಮೇಷ್ಟ್ರ ಕೆಂಪು ಗೆರೆ.

ಆಗ ಅವಳಿಗೆ ಮೂವತ್ತೈದು. ಸಿದ್ಧ ಉಡುಪಿನ ಭರಾಟೆಯಲ್ಲಿ ಅಂಗಡಿ ಮುಚ್ಚಿತ್ತು. ಕಂಪ್ಯೂಟರ್ ಪರೀಕ್ಷೆ ಪಾಸಾದರೆ ಆಸ್ಪತ್ರೆಯ ಕೆಲಸ, ಇಲ್ಲದಿದ್ದರೆ ಅಣ್ಣನ ಮನೆಯ ಹಂಗಿನ ಅನ್ನ. ತರಗತಿಯಲ್ಲಿ ಪಕ್ಕದ ಕುರ್ಚಿ ವಾಚ್ ರಿಪೇರಿಯವನದು. ಪ್ರೋಗ್ರಾಮಿನ ಒಂದೊಂದು ಹಲ್ಲುಚಕ್ರವೂ ಮನಸ್ಸಿನಲ್ಲಿ ತಿರುಗಿದ ಮೇಲೆಯೇ ಅವನು ಕೀಲಿಮಣೆ ಮುಟ್ಟುವವನು. ಅವಳೋ ನಾಲ್ಕು ಸಾಲು ಬರೆದು ಯಂತ್ರದಲ್ಲಿ ಓಡಿಸಿ, ಬಿಗಿಯಾದಲ್ಲಿ ಬಿಚ್ಚಿ, ಸಡಿಲಾದಲ್ಲಿ ಹಿಡಿದು, ಮತ್ತೆ ಓಡಿಸುವವಳು.

“ಅಕ್ಕಾ, ಇದೇನು ಪ್ರೋಗ್ರಾಮೋ, ಕಚ್ಚಾ ಹೊಲಿಗೆನೋ?” ಎಂದು ಅವನು ಛೇಡಿಸುತ್ತಿದ್ದ.

“ಸುಮ್ನಿರೋ ತಮ್ಮಾ, ನಿನ್ನ ಗಡಿಯಾರ ಹೊಡೆಯೋಷ್ಟರಲ್ಲಿ ಹೊತ್ತೇ ಮುಳುಗಿರುತ್ತೆ.”

ಮೇಷ್ಟ್ರದು ಒಂದೇ ಹಠ: ಮೊದಲು ಚೌಕ, ಬಾಣಗಳಲ್ಲಿ ಹಂತಗಳ ಚಿತ್ರ, ಆಮೇಲೆ ಪ್ರೋಗ್ರಾಂ. ತಪ್ಪಿದವರು ನಪಾಸು. ಪರೀಕ್ಷೆಗೆ ಬಂದದ್ದು ರೋಗಿಗಳ ಪಟ್ಟಿ ಜೋಡಿಸುವ ಲೆಕ್ಕ. ಖಾಲಿ ಹಾಳೆಯ ಮುಂದೆ ಅವಳ ಪೆನ್ಸಿಲು ಅಲುಗಲೇ ಇಲ್ಲ. ಮೇಷ್ಟ್ರು ಬೆನ್ನು ತಿರುಗಿಸಿದ್ದೇ ತಡ, ಬರೆದಳು, ಓಡಿಸಿದಳು. ಒಬ್ಬ ರೋಗಿಯೂ ಇಲ್ಲದ ಪಟ್ಟಿ ಕೊಟ್ಟಾಗ ಯಂತ್ರ ಕಕ್ಕಾಬಿಕ್ಕಿಯಾಗಿ ನಿಂತಿತು. ಅದನ್ನೂ ಸರಿಪಡಿಸಿದಳು. ಕೊನೆಗೆ, ಹೊಲಿದ ಅಂಗಿಯಿಂದ ಅಳತೆ ತೆಗೆಯುವ ಹಾಗೆ, ಪ್ರೋಗ್ರಾಂ ನೋಡಿಕೊಂಡು ಚಿತ್ರ ಬರೆದಳು.

‘ಪಟ್ಟಿ ಖಾಲಿಯೇ?’ ಎಂಬ ಚೌಕದ ಮೇಲೆ ಮೇಷ್ಟ್ರ ಬೆರಳು ನಿಂತಿತು. “ಹನ್ನೊಂದು ವರ್ಷದಿಂದ ಪಾಠ ಹೇಳ್ತಿದ್ದೀನಿ. ಇದು ಯಾರಿಗೂ ಮೊದಲೇ ಹೊಳೆದದ್ದಿಲ್ಲ ಕಣಮ್ಮ. ನಿಜ ಹೇಳು, ಓಡಿಸಿ ಆಮೇಲೆ ಬರೆದೆ ತಾನೆ?”

“ಹೌದು ಸಾರ್. ಮೈಮೇಲೆ ಹಾಕಿ ನೋಡದೆ ಎಲ್ಲಿ ಹಿಡಿಯುತ್ತೆ ಅಂತ ನಂಗೆ ಗೊತ್ತಾಗಲ್ಲ.”

ಮೇಷ್ಟ್ರು ವಾಚ್‌ನವನ ಹಾಳೆ ತೆಗೆದು ನೋಡಿದರು. ಕಣ್ಣಿಗೊತ್ತಿಕೊಳ್ಳುವಂಥ ಚಿತ್ರ, ಆ ಚೌಕ ಮಾತ್ರ ಇಲ್ಲ. ಅವನ ಪ್ರೋಗ್ರಾಮಿಗೆ ಖಾಲಿ ಪಟ್ಟಿ ಕೊಟ್ಟರು. ಯಂತ್ರ ನಿಂತಿತು.

“ಅಯ್ಯೋ, ರೋಗಿಗಳೇ ಇಲ್ಲದ ಆಸ್ಪತ್ರೆ ಎಲ್ಲಾದ್ರೂ ಇರುತ್ತಾ ಸಾರ್?” ಎಂದು ಅವನು ಗೋಗರೆದ. ಮೇಷ್ಟ್ರು ನಕ್ಕುಬಿಟ್ಟರು, ಕೆಂಪು ಪೆನ್ನು ತೆಗೆದರು.

ಈಗ ಮೇಷ್ಟ್ರಿಲ್ಲ. ಎರಡನೇ ಸಲ ಪಾಸಾಗಿ ಇದೇ ಕೋಣೆಗೆ ಬಂದಿದ್ದ ವಾಚ್‌ನವನ ಕುರ್ಚಿಯೂ ಹೋದ ವರ್ಷದಿಂದ ಖಾಲಿ. ಅವಳು ಹಾಳೆಯನ್ನು ಬೆಳಕಿಗೆ ಹಿಡಿದಳು. ಕೆಂಪು ಗೆರೆಯ ಪಕ್ಕದ ಅಕ್ಷರ ಮಾಸಿದ್ದರೂ ಓದಲು ಬರುತ್ತಿತ್ತು: ‘ಪಾಸು. ಅಳತೆ ಸರಿಯಿದೆ.’